ಕೃಷ್ಣೆಯ ದಡದಿಂದ ಪುಣೆಯ ಬಾಗಿಲಿಗೆ

ಬೆಳಗಾವಿ ಜಿಲ್ಲೆಯ ನಕಾಶೆಯನ್ನು ಎದುರಿಗೆ ಹರವಿಕೊಂಡು ಕುಳಿತರೆ, ಅದರ ಬಡಗಣ ಅಂಚಿನಲ್ಲಿ ಕೃಷ್ಣಾ ನದಿಯು ಮಹಾರಾಷ್ಟ್ರದಿಂದ ನಮ್ಮ ನಾಡಿಗೆ ಕಾಲಿಡುವ ಎಡೆ ಕಣ್ಣಿಗೆ ಬೀಳುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಕೊಯ್ನೆಯನ್ನೂ ಪಂಚಗಂಗೆಯನ್ನೂ ಒಡಲಿಗೆ ಸೇರಿಸಿಕೊಂಡು ಬರುವ ಈ ತಾಯಿ, ಕಲ್ಲೋಳದ ಬಳಿ ದೂಧಗಂಗೆಯನ್ನೂ ಕೂಡಿಸಿಕೊಳ್ಳುತ್ತಾಳೆ. ವೀರಭದ್ರನ ಕ್ಷೇತ್ರವಾದ ಯಡೂರು, ಕಲ್ಲೋಳ, ಮಾಂಜರಿ, ಇಂಗಳಿ, ಇವೆಲ್ಲ ಹೊಳೆಯ ನೆರೆಯ ಊರುಗಳು. ಆ ಸಾಲಿನಲ್ಲಿಯೇ ಇದೆ ಚಿಕ್ಕೋಡಿ ತಾಲೂಕಿನ ಅಂಕಲಿ. ಇದೇ ಹೆಸರಿನ ಇನ್ನೊಂದು ಊರು ಇದೇ ಕೃಷ್ಣೆಯ ದಂಡೆಯಲ್ಲಿ, ಸಾಂಗಲಿಯ ಹತ್ತಿರ ಇರುವುದರಿಂದ ಹೊಸಬರು ಕೆಲವೊಮ್ಮೆ ಗಲಿಬಿಲಿಗೊಳ್ಳುವುದುಂಟು. ನಾವು ಹೇಳಹೊರಟಿರುವುದು ನಮ್ಮ ಅಂಕಲಿಯ ಮಾತು.

ಚಿಕ್ಕೋಡಿಯಿಂದ ಮಿರಜದ ಕಡೆಗೆ ಹೊರಟ ಬಸ್ಸು ಇಳಿಜಾರನ್ನು ಕಳೆದು ಹೊಳೆಯ ಬಯಲಿಗೆ ಬಂದೊಡನೆ ನೋಟವೇ ಬದಲಾಗುತ್ತದೆ. ಎತ್ತ ನೋಡಿದರತ್ತ ಕಬ್ಬು. ಎರೆಯ ನೆಲದಲ್ಲಿ ಆಳೆತ್ತರ ನಿಂತ ಆ ಹಸುರಿನ ನಡುವೆ ದಾರಿಯು ಓಣಿಯಂತೆ ಸಾಗುತ್ತದೆ. ಸುಗ್ಗಿಯ ದಿನಗಳಲ್ಲಾದರೆ ಕಬ್ಬು ಹೇರಿದ ಬಂಡಿಗಳೂ ಟ್ರ್ಯಾಕ್ಟರುಗಳೂ ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಅಂಗಡಿಯ ಕಟ್ಟೆಯ ಮೇಲೆ ಕುಳಿತವರು ಕನ್ನಡದಲ್ಲಿ ಆರಂಭಿಸಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಾರೆ. ಯಾರಿಗೂ ಅದು ವಿಶೇಷವೆನಿಸುವುದಿಲ್ಲ. 1956ರ ನವೆಂಬರ್ 1ರವರೆಗೆ ಈ ಸೀಮೆಯೆಲ್ಲ ಮುಂಬಯಿ ರಾಜ್ಯದಲ್ಲಿತ್ತು. ಗಡಿಯ ಗೆರೆ ಸರಿದರೂ ಸಂತೆ, ಬೀಗತನ, ಆಸ್ಪತ್ರೆಗಳ ದಾರಿ ಸರಿಯಲಿಲ್ಲ.

ಆಸ್ಪತ್ರೆಯ ಮಾತು ಇಲ್ಲಿ ಬೇಕೆಂದೇ ಬಂದಿದೆ. ಈ ಭಾಗದ ಹಿರಿಯರಿಗೆ ‘ದೊಡ್ಡ ದವಾಖಾನೆ’ ಎಂದರೆ ಮಿರಜವೇ. ಅಮೆರಿಕದ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ, ಕಣ್ಣಿನ ಪೊರೆ ತೆಗೆಸುವವರು, ಕಲ್ಲು ತೆಗೆಸುವವರು ಎತ್ತಿನ ಬಂಡಿ ಕಟ್ಟಿಕೊಂಡು ಹೊಳೆ ದಾಟಿ ಹೋಗುತ್ತಿದ್ದರು. 1962ರಲ್ಲಿ ಮಿರಜದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮರುವರ್ಷ, 1963ರಲ್ಲಿ, ಇತ್ತ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯವರು ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನು ಕಟ್ಟಿದರು. ಸಪ್ತರ್ಷಿಗಳೆಂದು ಹೆಸರಾದ ಏಳು ಮಂದಿ 1916ರಲ್ಲಿ ಸ್ಥಾಪಿಸಿದ ಆ ಸಂಸ್ಥೆಗೆ 1984ರಲ್ಲಿ ಅಧ್ಯಕ್ಷರಾಗಿ ಬಂದ ಪ್ರಭಾಕರ ಕೋರೆಯವರು ಇದೇ ಅಂಕಲಿಯವರು. ಹುಬ್ಬಳ್ಳಿಯ ಕಾಲೇಜು 1957ರದು. ಹೀಗೆ ಒಂದು ತಲೆಮಾರಿನ ಹಿಂದೆ ಮುಂಬಯಿಯ ಗ್ರಾಂಟ್ ಕಾಲೇಜನ್ನೋ ಪುಣೆಯನ್ನೋ ದೂರದಿಂದ ನೆನೆಯಬೇಕಾಗಿದ್ದ ರೈತರ ಮಕ್ಕಳಿಗೆ, ಡಾಕ್ಟರಿ ವಿದ್ಯೆ ಒಂದು ಹಗಲಿನ ದಾರಿಯೊಳಗೆ ಬಂದು ನಿಂತಿತು.

ಆದರೆ ದಾರಿ ಹತ್ತಿರವಾದಂತೆ ಬಾಗಿಲು ಇಕ್ಕಟ್ಟಾಯಿತು. ಸ್ಥಾನಗಳು ಕೆಲವು, ಬಯಸುವವರು ಬಹಳ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪ್ರಶ್ನೆ ನಮ್ಮ ರಾಜ್ಯದಿಂದಲೇ ದೆಹಲಿಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದದ್ದುಂಟು. 1963ರಲ್ಲಿ ಅಂದಿನ ಮೈಸೂರು ಸರ್ಕಾರವು, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಸೇರಬಯಸುವವರನ್ನು ಸಂದರ್ಶಿಸಿ ಅದಕ್ಕೂ ಅಂಕ ಕೊಡಬೇಕೆಂದು ಆಜ್ಞೆ ಮಾಡಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ನಾಲ್ಕನೆಯ ಒಂದು ಪಾಲಿನಷ್ಟು ಅಂಕ ಸಂದರ್ಶನಕ್ಕೆ ಮೀಸಲು. ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಹಿಂದಿನ ವ್ಯಾಸಂಗ, ಎನ್.ಸಿ.ಸಿ., ಆಟೋಟ, ಸಮಾಜಸೇವೆ, ಚರ್ಚಾಕೂಟ, ನಾಟಕ, ಇವುಗಳನ್ನು ನೋಡಿ ಅಂಕ ಹಾಕಬೇಕಾಗಿತ್ತು. ಚಿತ್ರಲೇಖಾ ಎಂಬ ಅಭ್ಯರ್ಥಿಯ ಹೆಸರಿನಿಂದ ಪ್ರಸಿದ್ಧವಾದ ಮೊಕದ್ದಮೆಯಲ್ಲಿ, 1964ರ ಜನವರಿಯಲ್ಲಿ, ನ್ಯಾಯಾಲಯವು ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ಮುಂದೆ 1980ರಲ್ಲಿ ಕಾಶ್ಮೀರದ ಒಂದು ಎಂಜಿನಿಯರಿಂಗ್ ಕಾಲೇಜಿನ ಮೊಕದ್ದಮೆ ಬಂದಾಗ ಅದೇ ನ್ಯಾಯಾಲಯ ಕಟ್ಟುನಿಟ್ಟಾಯಿತು. ಎರಡು ಮೂರು ನಿಮಿಷ ಕೂಡಿಸಿ, ತಂದೆ ಯಾರು, ಊರು ಯಾವುದು ಎಂದು ಕೇಳಿ, ಅದಕ್ಕೆ ಒಟ್ಟು ಅಂಕಗಳ ಮೂರನೆಯ ಒಂದು ಪಾಲನ್ನು ಕೊಡುವುದು ಸಲ್ಲದು. ಮೌಖಿಕಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕ ಇಡಬಾರದು ಎಂದಿತು. ಎದುರಿಗೆ ಕುಳಿತ ಹುಡುಗ ಹುಡುಗಿಯರ ಬೆವರಿಗೆ ಬೆಲೆ ಕಟ್ಟಿದ ಮಾತು ಅದು.

ಈಗ ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ನೀಟ್ ಒಂದೇ ಪರೀಕ್ಷೆ. ಬೆಳಗಾವಿಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಸಂದರ್ಶಕರ ಮೇಜಿನ ಎದುರು ಕೂಡಬೇಕಾಗಿಲ್ಲ. ಬಹುಕಾಲ ತನ್ನದೇ ಪರೀಕ್ಷೆ, ತನ್ನದೇ ದೀರ್ಘ ಸಂದರ್ಶನ ನಡೆಸಿಕೊಂಡು ಬಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರಿಗೂ ನೀಟ್ ಕಡ್ಡಾಯವೆಂದು 2020ರ ತೀರ್ಪು ಹೇಳಿತು. ಆದರೂ ಒಂದು ಬಾಗಿಲಲ್ಲಿ ಆ ಹಳೆಯ ಮೇಜು ಇನ್ನೂ ಉಳಿದಿದೆ. ಅದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು. 1948ರಲ್ಲಿ ಸ್ಥಾಪನೆಯಾಗಿ, 1962ರಿಂದ ಎಂ.ಬಿ.ಬಿ.ಎಸ್. ತರಗತಿಗಳನ್ನು ನಡೆಸುತ್ತಿರುವ ಸಂಸ್ಥೆ ಅದು. ನೀಟ್ ಅಂಕಗಳ ಮೇಲೆ ಆಯ್ದವರನ್ನು ಅಲ್ಲಿಗೆ ಕರೆಸುತ್ತಾರೆ. ಇಂಗ್ಲಿಷ್ ಭಾಷೆ ಮತ್ತು ತರ್ಕದ ಒಂದು ಚಿಕ್ಕ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ದೇಹಪರೀಕ್ಷೆ, ಇಷ್ಟೂ ಆಗಬೇಕು. ವಿದ್ಯಾಭ್ಯಾಸದ ವೆಚ್ಚ ಸರ್ಕಾರದ್ದು. ಪ್ರತಿಯಾಗಿ, ಪದವಿ ಪಡೆದ ಮೇಲೆ ಸೈನ್ಯದಲ್ಲಿ ವೈದ್ಯರಾಗಿ ವರ್ಷಗಟ್ಟಲೆ ಸೇವೆ ಸಲ್ಲಿಸುವೆನೆಂದು ಬರೆದುಕೊಡಬೇಕು.

ಕಳೆದ ಮಳೆಗಾಲದ ಮುನ್ನ ಈ ಸೀಮೆಯಲ್ಲಿ ತಿರುಗಾಡುತ್ತಿದ್ದಾಗ, ಅಂಕಲಿಯ ಒಂದು ರೈತ ಮನೆಯಲ್ಲಿ ಎರಡು ದಿನ ತಂಗುವ ಯೋಗ ನನಗೆ ಒದಗಿತು. ಆ ಮನೆಯ ಮಗಳು ಇಂತಹ ಕರೆಯನ್ನು ಎದುರುನೋಡುತ್ತಿದ್ದಳು. ನೀಟ್‌ನಲ್ಲಿ ಒಳ್ಳೆಯ ಅಂಕ ಬಂದಿದ್ದವು. ಬೆಳಗಾವಿಯ ಸರ್ಕಾರಿ ಕಾಲೇಜಿನಲ್ಲಿಯೂ ಸ್ಥಾನ ದೊರೆಯಬಹುದೆಂಬ ಭರವಸೆ ಇತ್ತು. ಅದೇ ಮನೆಯ ತೊಡಕೂ ಆಗಿತ್ತು.

“ಬೆಳಗಾವ್ಯಾಗ ಸೀಟ ಸಿಕ್ಕರ ಸಾಲದೇನವಾ? ಹೆಣ್ಣ ಹುಡಿಗಿ, ಯಾವ ಬರ್ಫದಾಗ ಒಯ್ದು ಹಾಕ್ತಾರೋ ಏನೋ,” ಎಂದು ತಾಯಿ ರೊಟ್ಟಿ ಬಡಿಯುತ್ತಲೇ ಹೇಳಿದರು. ತಂದೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹುಡುಗಿ ತಟ್ಟೆಯ ಮೇಲಿನ ಕಣ್ಣನ್ನು ಎತ್ತಲಿಲ್ಲ.

ಆಕೆಯ ಬಳಿ ದಪ್ಪನೆಯ ಒಂದು ಮಾರ್ಗದರ್ಶಿ ಪುಸ್ತಕವಿತ್ತು. ‘ನೀವು ಸೈನ್ಯದ ವೈದ್ಯರಾಗಲು ಏಕೆ ಬಯಸುತ್ತೀರಿ?’ ಎಂಬ ಪ್ರಶ್ನೆಗೆ ಅದರಲ್ಲಿ ಅರ್ಧ ಪುಟದ ಉತ್ತರ. ದೇಶಸೇವೆ, ಶಿಸ್ತು, ಸಾಹಸ, ಮೂರೂ ಅದರಲ್ಲಿದ್ದವು. ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದಳು. ಪಡಸಾಲೆಯಲ್ಲಿ ಅಜ್ಜನ ಎದುರು ನಿಂತು ಒಪ್ಪಿಸುವಾಗ ಮೂರನೆಯ ವಾಕ್ಯಕ್ಕೆ ತಡವರಿಸಿ, ಮತ್ತೆ ಮೊದಲಿನಿಂದ ಆರಂಭಿಸಿ, ಮತ್ತೆ ಅಲ್ಲಿಯೇ ನಿಂತುಬಿಟ್ಟಳು. ಕೈಗಳು ನಡುಗುತ್ತಿದ್ದವು.

ಅಜ್ಜ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಸಿಪಾಯಿಯಾಗಿದ್ದು ನಿವೃತ್ತರಾದವರು. ಇಂಗ್ಲಿಷ್ ಅವರಿಗೆ ಅಷ್ಟಾಗಿ ತಿಳಿಯದು. ಆದರೆ ಮೊಮ್ಮಗಳ ಮುಖ ತಿಳಿಯುತ್ತಿತ್ತು.

“ಇದು ಯಾರ ಮಾತವಾ?” ಎಂದು ಕೇಳಿದರು.

“ಬುಕ್ಕಿನ್ಯಾಗಿಂದ ಅಜ್ಜಾ.”

“ಹಂಗಂದ್ರ ಅವ್ರು ಬುಕ್ಕಿಗೇ ಸೀಟ ಕೊಡ್ತಾರ. ನೀ ಯಾಕ ಹೊಂಟಿ, ಅದನ್ನ ಹೇಳು.”

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಅನಂತರ ಕನ್ನಡದಲ್ಲಿಯೇ ಹೇಳಿದಳು. 2019ರ ಆಗಸ್ಟಿನಲ್ಲಿ ಹೊಳೆ ಊರೊಳಗೆ ಬಂದಾಗ ಆಕೆ ಶಾಲೆಗೆ ಹೋಗುವ ಹುಡುಗಿ. ಸಂಬಂಧಿಕರ ಊರಿನಲ್ಲಿ ಮುದುಕಿಯೊಬ್ಬರನ್ನು ಸೈನಿಕರು ದೋಣಿಗೆ ಎತ್ತಿಕೊಂಡದ್ದನ್ನು ಕಂಡಿದ್ದಳು. ಅವರ ಜೊತೆಗಿದ್ದ ಒಬ್ಬರು ಮುದುಕಿಯ ಕೈ ಹಿಡಿದು ನಾಡಿ ನೋಡುತ್ತ ಏನೋ ಮಾತನಾಡಿಸುತ್ತಿದ್ದರು. ಸುತ್ತಲೂ ಜನ ಕೂಗಾಡುತ್ತಿದ್ದರೂ ಅವರ ದನಿ ಏರಲಿಲ್ಲ. “ನಾನೂ ಹಂಗ ಇರಬೇಕು ಅನಿಸ್ತು ಅಜ್ಜಾ,” ಎಂದಳು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

ಆ ಉತ್ತರದಲ್ಲಿ ದೊಡ್ಡ ಶಬ್ದಗಳಿರಲಿಲ್ಲ. ಆದರೆ ಅದನ್ನು ಮರೆಯುವ ಭಯವೂ ಇರಲಿಲ್ಲ. ಸಂದರ್ಶನದ ದಿಗಿಲಿನಲ್ಲಿ ಅರ್ಧ ಪಾಲು ಎರವಲು ಮಾತುಗಳಿಂದ ಹುಟ್ಟುವುದೆಂದು ನನಗೆ ಅಂದು ಹೊಳೆಯಿತು. ಎರವಲು ತಂದ ಒಡವೆ ಹಾಕಿಕೊಂಡು ಮದುವೆಗೆ ಹೋದವರಿಗೆ ಊಟದ ಮೇಲೆ ಮನಸ್ಸಿರುವುದಿಲ್ಲ. ಎಲ್ಲಿ ಕಳಚಿ ಬಿದ್ದೀತೋ ಎಂಬುದೇ ಚಿಂತೆ. ತನ್ನದೇ ಆದದ್ದನ್ನು ಹೇಳುವವರಿಗೆ ವಾಕ್ಯದ ಕ್ರಮ ತಪ್ಪಿದರೂ ಅರ್ಥ ತಪ್ಪುವುದಿಲ್ಲ. ಕನ್ನಡದಲ್ಲಿ ಮೊದಲು ಮೂಡಿದ ಆ ಮಾತನ್ನು ಆಕೆ ಆಮೇಲೆ ತನ್ನದೇ ಸರಳ ಇಂಗ್ಲಿಷಿನಲ್ಲಿ ಹೇಳಿಕೊಂಡಾಗ ಒಮ್ಮೆಯೂ ತಡವರಿಸಲಿಲ್ಲ.

ಇನ್ನರ್ಧ ದಿಗಿಲು ದೇಹದ್ದು. ವೈದ್ಯರಾಗಬಯಸುವವರು ಅದರ ಕಾರಣವನ್ನು ತಿಳಿದಿರುವುದೂ ಒಳ್ಳೆಯದೇ. ಅಪಾಯವೆಂದು ಮನಸ್ಸು ಬಗೆದೊಡನೆ ಮೂತ್ರಪಿಂಡಗಳ ಮೇಲಿನ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಇದು ರೋಗವಲ್ಲ, ಓಡಲು ಅಥವಾ ಹೋರಾಡಲು ದೇಹ ಮಾಡಿಕೊಳ್ಳುವ ಸಿದ್ಧತೆ. ಅದನ್ನು ತಗ್ಗಿಸುವ ಕೀಲಿಯೂ ದೇಹದಲ್ಲಿಯೇ ಇದೆ. ಉಸಿರು ಒಳಗೆ ಹೋಗುವಾಗ ಹೃದಯ ತುಸು ವೇಗವಾಗಿಯೂ, ಹೊರಗೆ ಬರುವಾಗ ತುಸು ನಿಧಾನವಾಗಿಯೂ ಬಡಿಯುತ್ತದೆ. ಆದುದರಿಂದ ಉಸಿರನ್ನು ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಮೆಲ್ಲನೆ ಹೊರಬಿಟ್ಟರೆ, ಐದಾರು ಸಲದೊಳಗೆ ಎದೆ ಹತೋಟಿಗೆ ಬರುವುದನ್ನು ಯಾರೂ ತಮ್ಮ ನಾಡಿ ಹಿಡಿದೇ ನೋಡಿಕೊಳ್ಳಬಹುದು. ಸರದಿ ಕಾಯುವ ಬೆಂಚಿನ ಮೇಲೆ ಕುಳಿತು, ಪಕ್ಕದವರಿಗೆ ತಿಳಿಯದಂತೆ ಮಾಡಬಹುದಾದ ಉಪಾಯವಿದು.

ಅಂಕಲಿಯ ಜನಕ್ಕೆ ಶಾಂತವಾಗಿ ಸಿದ್ಧರಾಗುವುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ, ಹೊಳೆಯೇ ಕಲಿಸಿದೆ. 2005, 2019, 2021, ಈ ಮೂರು ವರ್ಷಗಳ ಮಹಾಪೂರಗಳನ್ನು ಇಲ್ಲಿಯವರು ಮನೆಯವರ ಹುಟ್ಟುಹಬ್ಬಗಳಂತೆ ನೆನಪಿಟ್ಟಿದ್ದಾರೆ. ಮಹಾಬಳೇಶ್ವರದ ಕಡೆ ಮಳೆ ಹಿಡಿಯಿತೆಂದರೆ ಕಟ್ಟೆಯ ಮೇಲಿನ ಮಾತೆಲ್ಲ ಕೊಯ್ನಾ ಜಲಾಶಯದಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರು, ರಾಜಾಪುರದ ಬ್ಯಾರೇಜಿನಿಂದ ಎಷ್ಟು ಬರುತ್ತಿದೆ ಎಂಬುದರ ಸುತ್ತಲೇ. ಆ ಲೆಕ್ಕ ಕೇಳಿ ಯಾರೂ ಓಡಾಡುವುದಿಲ್ಲ. ಮೊದಲು ದನಕರು ಎತ್ತರದ ಜಾಗಕ್ಕೆ; ಆಮೇಲೆ ಕಾಳುಕಡಿ; ಆಮೇಲೆ ಹೊಲದ ಪಂಪಿನ ಮೋಟಾರು; ಕಾಗದಪತ್ರಗಳ ಗಂಟು ಮನೆಯೊಡತಿಯ ಕಂಕುಳಲ್ಲಿ. ಹೊಳೆಯನ್ನು ತಡೆಯುವುದು ತಮ್ಮ ಕೈಯಲ್ಲಿಲ್ಲವೆಂದು ಬಲ್ಲವರು, ತಮ್ಮ ಕೈಯಲ್ಲಿರುವುದನ್ನು ಒಂದೊಂದಾಗಿ ಮಾಡಿ ಮುಗಿಸುತ್ತಾರೆ.

ಆ ಮನೆಯಲ್ಲಿ ಪುಣೆಯ ಪ್ರಯಾಣದ ಸಿದ್ಧತೆಯೂ ಇದೇ ರೀತಿಯಾಗಿ ನಡೆಯಿತು. ಇಂತಹ ಕರೆ ಬರುವುದು ಸಾಮಾನ್ಯವಾಗಿ ಮಳೆಗಾಲದಲ್ಲಿ. ಇಲ್ಲಿಂದ ಪುಣೆಗೆ ಎರಡು ದಾರಿಗಳು. ಹೊಳೆ ದಾಟಿ ಕಾಗವಾಡದ ಮೇಲೆ ಮಿರಜಕ್ಕೆ ಹೋದರೆ ಅಲ್ಲಿಂದ ರೈಲು. ಇಲ್ಲವೆ ಚಿಕ್ಕೋಡಿಯ ಮೇಲೆ ನಿಪ್ಪಾಣಿಗೆ ಹೋದರೆ ಕೊಲ್ಲಾಪುರ, ಸಾತಾರೆಗಳ ಮೇಲೆ ಹೆದ್ದಾರಿ. ಪೂರ ಬಂದಾಗ ಎರಡನ್ನೂ ನಂಬುವಂತಿಲ್ಲ. 2019ರಲ್ಲಿಯೂ 2021ರಲ್ಲಿಯೂ ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ವೇದಗಂಗೆ ಉಕ್ಕಿ, ಬೆಂಗಳೂರು–ಪುಣೆ ಹೆದ್ದಾರಿಯೇ ಕಟ್ಟಿಹೋಗಿತ್ತು. ಅದಕ್ಕಾಗಿ ತಂದೆಯವರು ಕ್ಯಾಲೆಂಡರಿನ ಎದುರು ನಿಂತು, “ಎರಡ ದಿನ ಮೊದಲ ಹೋಗೂದ. ಅಲ್ಲಿ ಹೋಗಿ ಕುಂಡ್ರೂನು, ಇಲ್ಲಿ ಕುಂತು ಒದ್ದಾಡೂದು ಬ್ಯಾಡ,” ಎಂದು ನಿರ್ಧರಿಸಿಬಿಟ್ಟರು. ಮೌನವಾಗಿದ್ದವರ ಒಪ್ಪಿಗೆ ಅದೇ ಆಗಿತ್ತು. ಅಂಕಪಟ್ಟಿ, ಜನನ ಪ್ರಮಾಣಪತ್ರ, ಭಾವಚಿತ್ರಗಳು ಒಂದು ಪ್ಲಾಸ್ಟಿಕ್ ಚೀಲದೊಳಗೆ, ಆ ಚೀಲ ಇನ್ನೊಂದು ಚೀಲದೊಳಗೆ ಸೇರಿದವು. ಪೂರ ಕಂಡವರ ಅಭ್ಯಾಸ.

ಮಿಕ್ಕ ದಿನಗಳನ್ನು ಹುಡುಗಿ ಹೇಗೆ ಕಳೆಯಬೇಕೆಂದು ಅಜ್ಜನೂ ಮೊಮ್ಮಗಳೂ ಕೂಡಿ ಗೊತ್ತುಮಾಡಿದರು. ನಮ್ಮ ಓದುಗರ ಮನೆಗಳಲ್ಲಿಯೂ ಇಂತಹ ಮಕ್ಕಳಿರುವರಷ್ಟೆ. ಅವರಿಗೂ ಇದು ಉಪಯೋಗಕ್ಕೆ ಬಂದೀತು. ಬೆಳಗ್ಗೆ ಒಂದು ತಾಸು ದಿನಪತ್ರಿಕೆ. ಓದಿದ ಒಂದು ಸುದ್ದಿಯನ್ನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಗಟ್ಟಿಯಾಗಿ ಹೇಳುವುದು. ಸಂಜೆ, ತನ್ನನ್ನು ಅಷ್ಟಾಗಿ ಬಲ್ಲದ ಒಬ್ಬ ಹಿರಿಯರ ಎದುರು ಕುಳಿತು ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು. ಮೊದಲ ದಿನ ಅದು ಶಾಲೆಯ ಮಾಸ್ತರರು, ಎರಡನೆಯ ದಿನ ಬ್ಯಾಂಕಿನವರು. ನಾನಿದ್ದ ಸಂಜೆ ಆ ಪಾಳಿ ನನ್ನದಾಯಿತು. ಮನೆಯವರ ಎದುರು ಬರುವ ಧೈರ್ಯ ಅಪರಿಚಿತರ ಎದುರು ಕೈಕೊಡುವುದುಂಟು. ಅಪರಿಚಿತ ಮುಖಗಳನ್ನು ಮೊದಲೇ ಕಂಡು ರೂಢಿಯಾದರೆ ಮೇಜಿನ ಆಚೆ ಕುಳಿತ ಸಮವಸ್ತ್ರದವರೂ ಮನುಷ್ಯರಾಗಿಯೇ ಕಾಣುತ್ತಾರೆ. ರಾತ್ರಿ ನಿದ್ದೆಗೆ ಕತ್ತರಿ ಹಾಕಕೂಡದು. ಹೊಸ ಉಡುಪನ್ನು ಅದೇ ದಿನ ಮೊದಲ ಬಾರಿಗೆ ತೊಡಕೂಡದು. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲವೆಂದು ಹೇಳಬೇಕು.

ಈ ಕೊನೆಯದೇ ಹುಡುಗಿಗೆ ಕಠಿಣವಾಗಿತ್ತು. ತರಗತಿಯಲ್ಲಿ ಸದಾ ಮೊದಲಿಗಳಾದವಳಿಗೆ ‘ತಿಳಿಯದು’ ಎಂಬ ಮಾತು ಸೋಲಿನಂತೆ ಕೇಳಿಸುತ್ತದೆ. ನಾನು ಬೇಕೆಂದೇ ಆಕೆಗೆ ತಿಳಿದಿರಲಾರದ ಒಂದು ಪ್ರಶ್ನೆಯನ್ನು ಹಾಕಿದೆ. ಆಕೆ ಏನೇನೋ ಊಹಿಸಿ ಹೇಳತೊಡಗಿದಳು. ಬದಿಗೆ ಕುಳಿತಿದ್ದ ಅಜ್ಜ ನಡುವೆಯೇ ತಡೆದರು. “ತಂಗಿ, ನಾಳೆ ಡಾಕ್ಟರ ಆದ ಮ್ಯಾಲೆ ರೋಗ ತಿಳೀದಿದ್ರ ಹಿಂಗs ಏನಾರ ಔಷಧಾ ಕೊಡ್ತಿಯೇನು?” ಹುಡುಗಿ ನಾಲಿಗೆ ಕಚ್ಚಿಕೊಂಡಳು. ಆಮೇಲೆ ನಗುತ್ತ, “ಗೊತ್ತಿಲ್ರೀ ಕಾಕಾ, ತಿಳಕೊಂಡು ಹೇಳ್ತೀನ್ರಿ,” ಎಂದಳು. ಅಂದು ಆಕೆ ಕೊಟ್ಟ ಉತ್ತರಗಳಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದದ್ದು ಅದೇ.

ಸಂದರ್ಶನ ಹುಡುಕುವುದು ಏನನ್ನು ಎಂಬ ಪ್ರಶ್ನೆಗೆ ಜಗತ್ತಿನ ಬೇರೆಡೆಗಳಲ್ಲಿಯೂ ಉತ್ತರ ಅರಸಿದ್ದಾರೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2000ದ ದಶಕದ ಆರಂಭದಲ್ಲಿ ಒಂದು ಹೊಸ ಕ್ರಮ ತಂದರು. ಒಂದೇ ಮಂಡಳಿಯ ಎದುರು ದೀರ್ಘಕಾಲ ಕೂಡಿಸುವ ಬದಲು, ಅಭ್ಯರ್ಥಿಯನ್ನು ಕೋಣೆಯಿಂದ ಕೋಣೆಗೆ ಕಳುಹಿಸಿ, ಒಂದೊಂದರಲ್ಲಿಯೂ ಕೆಲವು ನಿಮಿಷಗಳ ಬೇರೆ ಬೇರೆ ಸನ್ನಿವೇಶಗಳನ್ನು ಒಡ್ಡುವುದು. ಒಬ್ಬ ಪರೀಕ್ಷಕನ ಮೆಚ್ಚು ಮುನಿಸುಗಳು ಇಡೀ ಫಲವನ್ನು ಕೆಡಿಸಬಾರದೆಂಬುದು ಅದರ ಉದ್ದೇಶ. ಇಂಗ್ಲೆಂಡಿನ ಅನೇಕ ವೈದ್ಯಕೀಯ ಶಾಲೆಗಳು ಅದನ್ನು ಅನುಸರಿಸಿವೆ. ಅಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆತನಗಳ ಮಕ್ಕಳೂ ಇದೇ ಕೋಣೆಗಳನ್ನು ದಾಟಿ ಹೋಗುತ್ತಾರೆ. ಕ್ರಮ ಯಾವುದಾದರೂ ಅಲ್ಲಿ ನೋಡುವುದು, ಎದುರಿಗಿರುವವರ ಮಾತನ್ನು ಇವರು ಪೂರ್ತಿ ಕೇಳುತ್ತಾರೆಯೆ, ತಪ್ಪನ್ನು ಒಪ್ಪುತ್ತಾರೆಯೆ, ಕಷ್ಟದಲ್ಲಿರುವವರ ಹತ್ತಿರ ನಿಲ್ಲಬಲ್ಲರೆ ಎಂಬುದನ್ನೇ. ಇವು ಮೂರು ವಾರದಲ್ಲಿ ಬರುವ ಗುಣಗಳಲ್ಲ. ಮನೆಯಲ್ಲಿ, ಓಣಿಯಲ್ಲಿ, ಹದಿನೇಳು ವರ್ಷ ಬೆಳೆದವು. ಸಿದ್ಧತೆಯೆಂದರೆ ಅವುಗಳಿಗೆ ಅಡ್ಡವಾದ ದಿಗಿಲನ್ನು ಸರಿಸುವುದಷ್ಟೆ.

ನಾನು ಹೊರಡುವ ದಿನ ಬೆಳಗ್ಗೆ ಮನೆಯೊಡತಿ ಬುತ್ತಿ ಕಟ್ಟಿಕೊಟ್ಟರು. ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮಗಳ ಮಾತು ತಾನಾಗಿಯೇ ಬಂತು. “ಹೋಗಲಿ ಬಿಡ್ರಿ. ಆಕಿ ಅವತ್ತ ಅಜ್ಜನ ಮುಂದ ಹೇಳಿದ್ದು ನಾ ಒಳಗಿಂದ ಕೇಳೇನಿ. ನನಗ ಒಂದ ದಿನಾನೂ ಹೇಳಿರಲಿಲ್ಲ ನೋಡ್ರಿ,” ಎಂದರು. ಅವರ ಅಂಜಿಕೆ ಹೋಗಿರಲಿಲ್ಲ. ಕಣ್ಣಂಚಿನಲ್ಲಿ ಇನ್ನೂ ಇತ್ತು. ಆದರೆ ಅದು ಮಗಳ ಕಾಲಿಗೆ ಕಟ್ಟಿದ ಹಗ್ಗವಾಗಿ ಉಳಿದಿರಲಿಲ್ಲ.

ಪುಣೆಯ ಆ ಕಾಲೇಜಿನಲ್ಲಿ ವರ್ಷಕ್ಕೆ ಸುಮಾರು 150 ಸ್ಥಾನಗಳು. ಹುಡುಗಿಯರ ಪಾಲು ಅದರಲ್ಲಿ ಚಿಕ್ಕದು. ದೇಶದ ಎಲ್ಲ ಮೂಲೆಗಳಿಂದ ಬಂದವರ ನಡುವೆ ಯಾರಿಗೆ ಒಲಿಯುವುದೆಂದು ಮುಂಚಿತವಾಗಿ ಹೇಳಬಲ್ಲವರಿಲ್ಲ. ಅಲ್ಲಿ ಆಗದಿದ್ದರೆ ಬೆಳಗಾವಿ, ಹುಬ್ಬಳ್ಳಿಗಳ ಬಾಗಿಲುಗಳಿವೆ. ರೋಗಿಗಳಂತೂ ಎಲ್ಲೆಡೆಯೂ ಇದ್ದಾರೆ. ಅಂಕಗಳು ಯಾರ ಹೆಸರಿನ ಮುಂದೆ ಎಷ್ಟು ಬೀಳುತ್ತವೆಂಬುದು ಕೊಯ್ನೆಯ ಮಳೆಯಂತೆ, ನಮ್ಮ ಕೈಗೆ ಸಿಕ್ಕದ್ದು. ತನ್ನ ಮಾತು ತನ್ನದಾಗಿರುವುದು, ತಿಳಿಯದ್ದನ್ನು ತಿಳಿಯದೆನ್ನುವುದು, ಹೊತ್ತಿಗೆ ಮುಂಚೆ ಹೊಳೆ ದಾಟಿರುವುದು, ಇಷ್ಟು ನಮ್ಮ ಕೈಯಲ್ಲಿದೆ. ಮಕ್ಕಳನ್ನು ಇಂತಹ ಬಾಗಿಲಿಗೆ ಕಳುಹಿಸುವ ತಂದೆತಾಯಿಗಳು ಬುತ್ತಿಯ ಜೊತೆಗೆ ಇಷ್ಟನ್ನೂ ಕಟ್ಟಿಕೊಟ್ಟರೆ, ಮಕ್ಕಳು ಯಾವ ಮೇಜಿನ ಎದುರಿಗೂ ತಲೆಯೆತ್ತಿ ಕೂಡಬಲ್ಲರು.